ಮೂವತ್ತು ಗಂಟೆಯ ಬಾಣಂತಿ

2014ರ ಜೂನ್ 25, ಬುಧವಾರ, ಬೆಳಗಿನ ಜಾವ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನನ್ನ ಮೊದಲ ಮಗಳು ತವರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಿದಳು. ಮರುದಿನ ಬೆಳಿಗ್ಗೆ ಹತ್ತೂವರೆಗೆ ನಾವು ಅಲ್ಲಿಂದ ಹೊರಟಾಗಿತ್ತು. ಅಂದರೆ ಹೆತ್ತ ಮೇಲೆ ನಾನು ಆಸ್ಪತ್ರೆಯಲ್ಲಿ ಇದ್ದದ್ದು ಮೂವತ್ತು ಗಂಟೆ, ಮೇಲೆ ನಲವತ್ತು ನಿಮಿಷ. ಹೆರಿಗೆ ವಾರ್ಡಿನ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಬಾಣಂತಿ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿ ಇರಬೇಕೆಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ನನ್ನ ಮಂಚ ಅದರ ಎದುರಿಗೇ ಇದ್ದುದರಿಂದ ನಾನು ಅದನ್ನು ಹತ್ತಾರು ಸಲ ಓದಿದ್ದೆ.

ಮೊದಲ ದಿನ ಆ ಹಾಳೆಯಲ್ಲಿದ್ದಂತೆಯೇ ನಡೆಯಿತು. ಹೆರಿಗೆಯಾದ ಮೊದಲ ಕೆಲವು ತಾಸು ಸಿಸ್ಟರ್ ಮೇಲಿಂದ ಮೇಲೆ ಬಂದು ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದರು, ರಕ್ತ ಎಷ್ಟು ಹೋಗಿದೆಯೆಂದು ಪರೀಕ್ಷಿಸುತ್ತಿದ್ದರು, ಬಿ.ಪಿ. ನೋಡಿ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೊಟ್ಟೆ ಒತ್ತಿದಾಗಲೆಲ್ಲ ಆಗುತ್ತಿದ್ದ ನೋವಿಗೆ ನಾನು ಒಮ್ಮೆ ಸಿಡುಕಿದ್ದೂ ಉಂಟು. ಆಗ ಅವರು, ಹೆರಿಗೆಯ ನಂತರ ತಾಯಿಯ ಜೀವಕ್ಕೆ ಕುತ್ತು ತರುವ ರಕ್ತಸ್ರಾವ ಬಹುಪಾಲು ಮೊದಲ ದಿನವೇ ಕಾಣಿಸಿಕೊಳ್ಳುತ್ತದೆ, ಅದಕ್ಕೇ ಈ ಕಾಟ ಎಂದು ಸಮಾಧಾನವಾಗಿ ಹೇಳಿದರು. ಮಗುವಿಗೆ ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್ ಬಿ ಲಸಿಕೆಗಳು ಅದೇ ದಿನ ಆದವು. ತೂಕ 2 ಕಿಲೋ 750 ಗ್ರಾಂ ಎಂದು ತಾಯಿ ಕಾರ್ಡಿನಲ್ಲಿ ದಾಖಲಾಯಿತು. ದಿನ ತುಂಬಲು ಎರಡೂವರೆ ವಾರ ಇರುವಾಗಲೇ ಹುಟ್ಟಿದ ಕೂಸಿಗೆ ಅದು ಒಳ್ಳೆಯ ತೂಕವೇ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವಳಿಗೆ ಔಷಧ, ರಕ್ತ, ಪರೀಕ್ಷೆಗಳೆಲ್ಲ ಉಚಿತ. ಸಹಜ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಉಚಿತ. ನನ್ನ ಪಾಲಿನ ಮೂರು ದಿನದ ಊಟದಲ್ಲಿ ಹೆಚ್ಚಿನದು ಯಾರ ತಟ್ಟೆಗೆ ಹೋಯಿತೋ ಗೊತ್ತಿಲ್ಲ.

ಏಕೆಂದರೆ ಗುರುವಾರ ನಸುಕಿನೊಳಗೆ ಮೂರು ಹೆರಿಗೆಗಳಾಗಿ ಮಂಚಗಳು ಸಾಲದಾದವು. ನನ್ನ ಕಾಲಬುಡದಲ್ಲಿ, ನೆಲದ ಮೇಲೆ ಹಾಸಿದ ಚಾಪೆಯಲ್ಲಿ, ಆಗತಾನೇ ಹೆತ್ತ ಹುಡುಗಿಯೊಬ್ಬಳು ಮಗ್ಗುಲಾಗಿ ಮಲಗಿದ್ದಳು. ರೌಂಡ್ಸ್ ಮುಗಿದ ಮೇಲೆ ಸಿಸ್ಟರ್ ನನ್ನ ಬಳಿ ಬಂದು, "ಇನ್ನೊಂದು ದಿನ ಇರ್ರಿ ಅನ್ನಾಕ ನನಗೂ ಮನಸೈತಿ. ಮಂಚ ಎಲ್ಲಿಂದ ತರ್ಲಿ ಹೇಳ್ರಿ?" ಎಂದರು. ಅವರ ಮೇಲೆ ಈಗಲೂ ನನಗೆ ಸಿಟ್ಟಿಲ್ಲ. ಆದರೆ ಆಮೇಲೆ ನಡೆದದ್ದರ ಮೇಲೆ ಇದೆ. ಕೇಸ್ ಶೀಟಿನ ಕೊನೆಯಲ್ಲಿ 'ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇವೆ' ಎಂದು ಯಾರೋ ಮೊದಲೇ ಬರೆದಿಟ್ಟಿದ್ದರು. ಅದರ ಕೆಳಗೆ ನನ್ನ ಯಜಮಾನರು ಸಹಿ ಹಾಕಿದರು. ಮಂಚದ ಕೊರತೆ ಹೀಗೆ ಕಾಗದದ ಮೇಲೆ ನಮ್ಮ ಇಚ್ಛೆಯಾಯಿತು.

ಆ ಬರಹ ಪೂರ್ತಿ ಸುಳ್ಳೆಂದು ಹೇಳಲೂ ನನಗೆ ಬಾಯಿಲ್ಲ. ಶುಕ್ರವಾರ ಮಣ್ಣೆತ್ತಿನ ಅಮಾವಾಸ್ಯೆ ಇತ್ತು. ಅಮಾವಾಸ್ಯೆಯನ್ನು ಆಸ್ಪತ್ರೆಯಲ್ಲಿ ಕಳೆಯಬಾರದು, ಹಾಗೆಂದು ಅಮಾವಾಸ್ಯೆಯ ದಿನ ಹಸುಗೂಸನ್ನು ಹೊತ್ತುಕೊಂಡು ದಾರಿ ನಡೆಯಲೂಬಾರದು, ಆದ್ದರಿಂದ ಗುರುವಾರವೇ, ಅದೂ ಒಂದೂವರೆಗೆ ರಾಹುಕಾಲ ಹುಟ್ಟುವುದರೊಳಗೆ, ಮನೆಯ ಹೊಸ್ತಿಲು ದಾಟಬೇಕೆಂದು ನಮ್ಮ ಅಜ್ಜಿ ಬುಧವಾರ ಸಂಜೆಯೇ ಫೋನಿನಲ್ಲಿ ಅಪ್ಪಣೆ ಮಾಡಿದ್ದಳು. ಮನೆಗೆ ಬಿಡುವ ಸರ್ಕಾರಿ ವಾಹನಕ್ಕೆ ಕಾಯುವಷ್ಟು ತಾಳ್ಮೆಯೂ ಯಾರಿಗೂ ಇರಲಿಲ್ಲ. ಪರಿಚಯದವರ ಓಮ್ನಿಯಲ್ಲಿ, ಹೊಲಿಗೆ ಬಿದ್ದ ಮೈಯನ್ನು ಒಂದೇ ಮಗ್ಗುಲಿಗೆ ಊರಿಕೊಂಡು, ನಾನು ಹಳ್ಳಿ ಸೇರಿದೆ. ಆಸ್ಪತ್ರೆಯ ಲೆಕ್ಕ ಗಂಟೆಯಲ್ಲಿ, ಮನೆಯ ಲೆಕ್ಕ ತಿಥಿಯಲ್ಲಿ. ಅಂದು ಎರಡೂ ಒಂದಾಗಿ ನನ್ನನ್ನು ಹೊರಡಿಸಿದವು. ಆಗಿನ ಸುಸ್ತಿನಲ್ಲಿ ಹೊರಟರೆ ಸಾಕೆಂದು ನನಗೂ ಅನಿಸಿತ್ತು.

ಬಾಣಂತಿ ಕೋಣೆಯನ್ನು ಅವ್ವ ಮೊದಲೇ ಸಜ್ಜು ಮಾಡಿದ್ದಳು. ಹೊರಸು, ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಗಾಳಿ ಸುಳಿಯದಂತೆ ಕಿಟಕಿಗೆ ಇಳಿಬಿಟ್ಟ ಕೌದಿ, ಸದಾ ಆಡುವ ಲೋಬಾನದ ಹೊಗೆ. ಆ ವರ್ಷ ಮುಂಗಾರು ತಡವಾಗಿತ್ತು; ಹೊರಗೆ ಮೋಡವಷ್ಟೇ ಇದ್ದು ಮಳೆಯಿಲ್ಲ, ಒಳಗೆ ಹಗಲೂ ಹೊತ್ತು ಮುಳುಗಿದಂತೆ ಕತ್ತಲು. ಕೂಸು ಗುರುವಾರ ರಾತ್ರಿ ಒಂದೆರಡು ಸಲ ಅತ್ತು ಸುಮ್ಮನಾಯಿತು. ಶುಕ್ರವಾರವಂತೂ ಎಬ್ಬಿಸಿ ಎದೆಗಿಟ್ಟರೂ ನಾಲ್ಕು ಗುಟುಕು ಎಳೆದು ನಿದ್ದೆಹೋಗುತ್ತಿತ್ತು. ನನ್ನ ಎದೆಯಲ್ಲಿ ಇನ್ನೂ ಹಾಲು ತುಂಬಿರಲಿಲ್ಲ, ಹಳದಿ ಬಣ್ಣದ ಗಟ್ಟಿ ಮೊದಲ ಹಾಲಷ್ಟೇ ಇತ್ತು. ಬಂದವರೆಲ್ಲ, "ಎಷ್ಟ್ ಸಮಾಧಾನದ ಕೂಸವ್ವಾ, ಅಳೂದs ಇಲ್ಲ!" ಎಂದು ಮೆಚ್ಚಿಕೊಂಡು ಹೋದರು. ನಾನೂ ಹಿಗ್ಗಿದೆ. ಚೊಚ್ಚಲ ಬಾಣಂತಿಯ ದಡ್ಡತನಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ಊರಿನ ಆಶಾ ಕಾರ್ಯಕರ್ತೆ ಬಂದಳು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೆಯ ದಿನ, ಹೀಗೆ ಆರು ಸಲ ಅವರು ಬರಬೇಕು. ಅಂದು ಮೂರನೆಯ ದಿನ. ಅಮಾವಾಸ್ಯೆಯ ದಿನ ಬಂದಳಲ್ಲ ಎಂದು ಅಜ್ಜಿ ಮುಖ ಸಿಂಡರಿಸಿದ್ದನ್ನು ಅವಳು ಕಂಡರೂ ಕಾಣದಂತೆ ಕೈ ತೊಳೆದುಕೊಂಡು ಒಳಗೆ ಬಂದಳು. ಕೂಸನ್ನು ನೋಡಿ, "ಎಷ್ಟ್ ಸಲ ಉಚ್ಚಿ ಹೊಯ್ದೈತಿ ಅಕ್ಕಾ?" ಎಂದು ಕೇಳಿದಳು. ಬೆಳಗಿನಿಂದ ಒಂದೇ ಸಲ ಎಂದೆ. ಅವಳು ಮಾತಾಡದೆ ಕಿಟಕಿಯ ಕೌದಿಗೆ ಕೈ ಹಾಕಿದಳು.

"ಅಮಾಸಿ ದಿನ ಹಸಗೂಸಿಗೆ ಗಾಳಿ ಬಡಸ್ತೀಯೇನs?" ಎಂದು ಅಜ್ಜಿ ಗದರಿದಳು.

"ಗಾಳಿ ಬ್ಯಾಡ ಆಯೀ, ಬೆಳಕು ಬೇಕು. ಎರಡs ನಿಮಿಷ," ಎಂದು ಅವಳು ಕೌದಿಯನ್ನು ಅರ್ಧ ಸರಿಸಿ, ಆ ಬೆಳಕಿಗೆ ಕೂಸಿನ ಮುಖ ಹಿಡಿದು, ಹಣೆಯ ಮೇಲೆ ಬೆರಳು ಒತ್ತಿ ತೆಗೆದಳು. ಒತ್ತಿದ ಜಾಗ ಒಂದು ಕ್ಷಣ ಅರಿಶಿನ ಹಚ್ಚಿದಂತೆ ಕಂಡಿತು. ಎದೆಯ ಮೇಲೆ ಒತ್ತಿದಳು, ಅಲ್ಲಿಯೂ ಹಳದಿ. ತೊಡೆಯ ಮೇಲೂ ಹಾಗೆಯೇ. ಬಳಿಕ ತೂಗುತಕ್ಕಡಿಯ ಜೋಳಿಗೆಯಲ್ಲಿ ಮಲಗಿಸಿ ಎತ್ತಿ ಹಿಡಿದರೆ ಮುಳ್ಳು 2 ಕಿಲೋ 450ರಲ್ಲಿ ನಿಂತಿತು. ಮೊದಲ ದಿನಗಳಲ್ಲಿ ಎಲ್ಲ ಕೂಸುಗಳೂ ಸ್ವಲ್ಪ ಇಳಿಯುತ್ತವೆ, ಆದರೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಬಾರದು ಎಂದು ಹೇಳಿ, ಅವಳು ಅಂಗಳಕ್ಕೆ ಹೋಗಿ 108ಕ್ಕೆ ಫೋನು ಹಚ್ಚಿದಳು. ಐದನೆಯ ರಾತ್ರಿ ಸಟವಿ ಎಂಬ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಎರಡು ದಿನ ಮೊದಲೇ ಇವಳು ಆ ಹಣೆಯನ್ನು ಬೆರಳಿನಿಂದ ಓದಿದ್ದಳು.

ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ, ಕಾಮಾಲೆಯಲ್ಲಿ ಮೈಗೆ ಹಳದಿ ತರುವ ಬಿಲಿರುಬಿನ್ 17 ಬಂತು. ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ, ಲಂಗೋಟಿಯೊಂದನ್ನು ಬಿಟ್ಟು ಉಳಿದ ಬಟ್ಟೆ ತೆಗೆದು, ಆ ಹಳದಿ ಇಳಿಸುವ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಗಾಳಿಯೂ ಬೆಳಕೂ ತಾಕದಂತೆ ಎರಡು ದಿನ ಮುಚ್ಚಿಟ್ಟಿದ್ದ ಮೈ ಅದು. ಅವ್ವ ಗಾಜಿನಾಚೆ ನಿಂತು ನೋಡಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಹುಟ್ಟಿದ ಕೂಸಿನ ಯಕೃತ್ತು ಇನ್ನೂ ಪಳಗಿರುವುದಿಲ್ಲ, ಹಾಲು ಕಡಿಮೆಯಾದರೆ ಮಲವೂ ಕಡಿಮೆಯಾಗಿ ಹೊರಹೋಗಬೇಕಾದ ಹಳದಿ ಮೈಯಲ್ಲೇ ಉಳಿಯುತ್ತದೆ, ಮಿತಿಮೀರಿ ಏರಿದರೆ ಮೆದುಳಿಗೆ ಅಪಾಯ ಎಂದು ಅಲ್ಲಿಯ ಮಕ್ಕಳ ಡಾಕ್ಟರು ತಿಳಿಸಿ ಹೇಳಿದರು. ಇದು ಏರುವುದು ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದೊಳಗೆ. ತಾಯಿಗೆ ಹಾಲು ತುಂಬಿ ಬರುವುದೂ ಹೆಚ್ಚಾಗಿ ಮೂರನೆಯ ದಿನದ ಆಸುಪಾಸಿಗೆ. ನನಗೆ ಅದು ಬಂದದ್ದು ಶನಿವಾರ ಬೆಳಗಿನ ಜಾವ, ಎರಡೆರಡು ತಾಸಿಗೆ ಹಾಲೂಡಿಸಲು ಕರೆಯುತ್ತಿದ್ದ ಸಿಸ್ಟರೊಬ್ಬರು ಕೂಸಿನ ಬಾಯಿ ಅಗಲಿಸಿ ಎದೆಗೆ ಹಿಡಿಸುವ ಬಗೆಯನ್ನು ಕೈಹಿಡಿದು ಕಲಿಸಿದ ಮೇಲೆ.

ಭಾನುವಾರ ಸಂಜೆ ನಮ್ಮನ್ನು ಮನೆಗೆ ಕಳಿಸಿದರು. ಅಂದು ರಾತ್ರಿಯೇ ಸಟವಿ ಪೂಜೆಯೂ ಆಯಿತು. ಮೊದಲ ಆಸ್ಪತ್ರೆಯಲ್ಲಿ ಉಳಿಸಿದ್ದ ಹದಿನೇಳು ಚಿಲ್ಲರೆ ಗಂಟೆಗೆ ಬದಲಾಗಿ ಎರಡನೆಯದರಲ್ಲಿ ನಲವತ್ತೆಂಟು ಗಂಟೆ ತೆತ್ತಂತಾಯಿತು. ಅಂದಿನಿಂದ ಈ ಗಂಟೆಗಳ ಲೆಕ್ಕ ನನ್ನನ್ನು ಬಿಟ್ಟಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರೂ ನಾವು ಶುಕ್ರವಾರ ಬೆಳಿಗ್ಗೆಯೇ ಹೊರಟಿರುತ್ತಿದ್ದೆವು, ಅಂದರೆ ಹಾಲು ಇಳಿಯುವ, ಹಳದಿ ಏರುವ ಮೂರನೆಯ ದಿನದ ಹೊಸ್ತಿಲಲ್ಲಿ. ಎರಡು ದಿನದ ವಾಸ ತಾಯಿಯನ್ನು ರಕ್ತಸ್ರಾವದಿಂದ ಕಾಯಬಹುದು. ಮೂರನೆಯ ದಿನ ಕೂಸಿಗೆ ಏನಾಗುತ್ತದೆಂದು ನೋಡಲು ಯಾರಾದರೂ ಮನೆಗೇ ಬರಬೇಕು. ಮಣ್ಣೆತ್ತಿನ ಅಮಾವಾಸ್ಯೆ ಒಂದು ದಿನ ಮೊದಲೇ, ಗುರುವಾರ, ಬಿದ್ದಿದ್ದರೆ ಮಾತ್ರ ಅಜ್ಜಿಯ ಪಂಚಾಂಗವೇ ನಮ್ಮನ್ನು ಶುಕ್ರವಾರದವರೆಗೆ ಆಸ್ಪತ್ರೆಯಲ್ಲಿ ಹಿಡಿದಿಡುತ್ತಿತ್ತು ಎಂಬುದು ಬೇರೆ ಮಾತು.

2018ರಲ್ಲಿ ಎರಡನೆಯ ಹೆರಿಗೆ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಯಿತು. ಐದು ದಿನ ಇರಿಸಿಕೊಂಡರು. ಮಂಚಕ್ಕೆ ದಿನದ ಬಾಡಿಗೆ ಇರುವಲ್ಲಿ ಹೊರಡಿಸುವ ಅವಸರ ಇರುವುದಿಲ್ಲ. ಮರುವರ್ಷ ಲಂಡನ್ನಿನಲ್ಲಿರುವ ಚಿಕ್ಕಪ್ಪನ ಮಗಳು ಬೆಳಿಗ್ಗೆ ಹೆತ್ತು ಸಂಜೆಗೆ ಮನೆ ಸೇರಿದಳೆಂದು ಕೇಳಿ ಅವ್ವ, "ಅಷ್ಟ್ ದೊಡ್ಡ ಊರಾಗ ಮಂಚ ಇಲ್ಲೇನು?" ಎಂದು ಮರುಗಿದಳು. ಆದರೆ ಮರುದಿನವೇ ಅವಳ ಮನೆಬಾಗಿಲಿಗೆ ಸೂಲಗಿತ್ತಿ ಬಂದಿದ್ದಳು, ಐದನೆಯ ದಿನ ಮತ್ತೆ ಬಂದು ಕೂಸಿನ ಹಿಮ್ಮಡಿಯಿಂದ ಪರೀಕ್ಷೆಗೆ ರಕ್ತ ತೆಗೆದುಕೊಂಡು ಹೋದಳು. ಅದನ್ನು ಕೇಳಿದ ಮೇಲೆ ಅವ್ವನಿಗೆ ತನ್ನದೇ ನೆನಪಾಯಿತು. ನಾನು ಹುಟ್ಟಿದ್ದು ಮನೆಯಲ್ಲೇ. ಆಗ ಊರ ಸೂಲಗಿತ್ತಿ ಹತ್ತು ದಿನ ತಪ್ಪದೆ ಬಂದು ತಾಯಿಗೂ ಕೂಸಿಗೂ ಎರೆದು ಹೋಗುತ್ತಿದ್ದಳಂತೆ. ಆ ಕಾಲದ ಹೆರಿಗೆಯನ್ನು ನಾನು ಹೊಗಳುವುದಿಲ್ಲ. ಅವ್ವನ ಮೊದಲ ಕೂಸು ಅದೇ ಕೋಣೆಯಲ್ಲಿ ಉಳಿಯದೆ ಹೋಯಿತು. ಆದರೆ ದಿನಾ ಬಂದು ನೋಡುವ ಎರಡು ಕಣ್ಣುಗಳು ಆಗ ಇದ್ದವು.

ಆಶಾ ಕೊನೆಯ ಸಲ ಬಂದದ್ದು ನಲವತ್ತೆರಡನೆಯ ದಿನ, ಆಗಸ್ಟ್ 5ರಂದು. ಆರು ಭೇಟಿಗಳು ಪೂರ್ತಿಯಾದರೆ ಅವಳಿಗೆ ಸಿಗುವುದು ಒಟ್ಟು 250 ರೂಪಾಯಿ, ಅದಕ್ಕೆ ಮನೆಯವರ ಸಹಿ ಬೇಕು. ಜೋಳಿಗೆಯಲ್ಲಿ ಕೂಸು ಕಾಲು ಝಾಡಿಸುತ್ತಿದ್ದುದರಿಂದ ಮುಳ್ಳು ನಿಲ್ಲದೆ, ಅವಳು ಮೂರು ಸಲ ತೂಗಬೇಕಾಯಿತು. ಅವ್ವ ಅಡ್ಡಗೆರೆಯ ಮೇಲೆ ನಿಧಾನವಾಗಿ ಹೆಸರು ಬರೆದು, ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದಳು. ಅವಳ ಹಿಂದೆಯೇ ಅಜ್ಜಿ ಬಂದು ಒಂದು ಕುಪ್ಪಸದ ಕಣವನ್ನು ಆಶಾಳ ಉಡಿಗೆ ಹಾಕಿ, "ಸೂಲಗಿತ್ತಿಗೂ ಇದನ್ನs ಹಾಕ್ತಿದ್ದಿವು," ಎಂದಳು.