ದಫೇದಾರ್ ಮೇಷ್ಟ್ರು ಮತ್ತು ಬಿಜಲಿ

ನಮ್ಮ ಕಾಲದಲ್ಲಿ ಡ್ರಿಲ್ ಪೀರಿಯಡ್ಡನ್ನು ಗಣಿತದವರು ಕಸಿದುಕೊಳ್ಳುತ್ತಿರಲಿಲ್ಲ. ಕಸಿದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ. ನಮ್ಮ ಡ್ರಿಲ್ ಮೇಷ್ಟ್ರು ದಫೇದಾರ್ ಆಗಿದ್ದವರು. ಡಿಸಿ ಆಫೀಸಿನ ಬಾಗಿಲಲ್ಲಿ ಪೇಟ ಕಟ್ಟಿಕೊಂಡು ನಿಲ್ಲುತ್ತಾರಲ್ಲ, ಆ ದಫೇದಾರ್ ಅಲ್ಲ. ಸೈನ್ಯದ ಅಶ್ವದಳದ ದಫೇದಾರ್, ಅಂದರೆ ಹವಾಲ್ದಾರ್ ದರ್ಜೆ. ಹುಡುಗನಾಗಿದ್ದಾಗ ಮೈಸೂರು ಲ್ಯಾನ್ಸರ್ಸ್ ಸೇರಿದರಂತೆ. 1953ರಲ್ಲಿ ಹಳೆಯ ಸಂಸ್ಥಾನಗಳ ಕುದುರೆ ಪಡೆಗಳನ್ನೆಲ್ಲ ಕೂಡಿಸಿ 61ನೇ ಕ್ಯಾವಲ್ರಿ ಕಟ್ಟಿದಾಗ ಅದಕ್ಕೆ ಹೋದರು. ಜೈಪುರದ ಮರಳಿನಲ್ಲಿ ಕುದುರೆ ಓಡಿಸಿ, ಪೆನ್ಷನ್ ತಗೊಂಡು, ಶಿವಮೊಗ್ಗದ ಮಳೆಗೆ ವಾಪಸ್ ಬಂದು ನಮ್ಮ ಶಾಲೆ ಸೇರಿದರು.

ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ತೊಂಬತ್ತು ದಾಟಿತ್ತು. ಸಂಚಿಕೆಗೆ ಶಾಲೆಯ ನೆನಪು ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ನನಗೆ ಬೇರೆ ವಿಷಯ ಹೊಳೆಯಲೇ ಇಲ್ಲ. ಓದಿದ ಪಾಠಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಆಮ್ಲ, ಪ್ರತ್ಯಾಮ್ಲ, ಪೈಥಾಗೊರಸ್, ಎಲ್ಲ ಹೊಗೆ ಹೊಗೆ. ನಿಂತಿರುವುದು ಒಂದೇ ಒಂದು ಪದ್ಯ. ಅದಕ್ಕೂ ಕಾರಣ ಒಂದು ಕುದುರೆ.

ಆ ಕುದುರೆಯ ಹೆಸರು ಬಿಜಲಿ. ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ವಯಸ್ಸಾದ ಕಂದು ಬಣ್ಣದ ಹೆಣ್ಣು ಕುದುರೆ, ರೈಲ್ವೆ ಸ್ಟೇಷನ್ನಿನಿಂದ ಗಾಂಧಿ ಬಜಾರಿಗೆ ಜಟಕಾ ಎಳೆಯುತ್ತಿತ್ತು. ಜಟಕಾ ಸಾಬರು ಬೆಳಿಗ್ಗೆ ಚಿಕ್ಕ ಮಕ್ಕಳನ್ನು ಶಾಲೆಗೆ ತಂದುಬಿಟ್ಟು, ಬಿಜಲಿಯನ್ನು ಬಿಚ್ಚಿ ನಮ್ಮ ಮೈದಾನದಲ್ಲಿ ಮೇಯಲು ಬಿಡುತ್ತಿದ್ದರು. ಡ್ರಿಲ್ ಮೇಷ್ಟ್ರೂ ಅವರೂ ಬೇಲಿಯ ಹತ್ತಿರ ಕೂತು ಬೀಡಿ ಸೇದುತ್ತ ಹಿಂದಿಯಲ್ಲಿ ಹರಟುತ್ತಿದ್ದರು. ವಿಷಯ ಸದಾ ಒಂದೇ, ಕುದುರೆ. ಹುರುಳಿ ಎಷ್ಟು ಹೊತ್ತು ನೆನೆಸಬೇಕು, ಮಲೆನಾಡಿನ ಥಂಡಿಗೆ ಗೊರಸು ಕೊಳೆಯದ ಹಾಗೆ ಏನು ಮಾಡಬೇಕು, ಲಾಳ ಹೊಡೆಯುವವನು ಮೊಳೆ ಎಲ್ಲಿ ತಪ್ಪಿದ, ಇಂಥವು.

ಇನ್ನು ಕನ್ನಡ ಪಂಡಿತರು. ಬಿಳಿ ಪಂಚೆ, ಹೆಗಲ ಮೇಲೆ ಅಂಚಿನ ಶಲ್ಯ. ಪದ್ಯ ಓದಲು ಶುರುಮಾಡಿದರೆ ಪಕ್ಕದ ಕ್ಲಾಸಿನವರೂ ಸುಮ್ಮನಾಗುತ್ತಿದ್ದರು. ಅವತ್ತು ಲಕ್ಷ್ಮೀಶನ ಲವನ ಪ್ರಸಂಗ. ಅಶ್ವಮೇಧದ ಕುದುರೆ ವಾಲ್ಮೀಕಿಯ ತೋಟಕ್ಕೆ ನುಗ್ಗುತ್ತದೆ. ಲವ ತನ್ನ ಉತ್ತರೀಯವನ್ನೇ ತೆಗೆದು ಅದನ್ನು ಬಾಳೆ ಗಿಡಕ್ಕೆ ಕಟ್ಟುತ್ತಾನೆ. ಜೊತೆಯ ಮುನಿಪುತ್ರರು ಬೇಡ ಬೇಡ, ಅರಸರ ಕುದುರೆ, ಹೊಡೀತಾರೆ ಅಂತ ಹೆದರುತ್ತಾರೆ. ನಮ್ಮಲ್ಲೊಬ್ಬ ಎದ್ದು ನಿಂತ. "ಸಾರ್, ಬಾಳೆ ಗಿಡಕ್ಕೆ ಕಟ್ಟಿದ್ರೆ ಕುದುರೆ ನಿಲ್ಲುತ್ತಾ?" ಪಂಡಿತರು, "ಕವಿ ನಿಲ್ಲಿಸಿದ್ದಾನೆ, ನೀನು ಕೂತ್ಕೊ" ಅಂದರು.

ಅಷ್ಟು ಸಾಕಾಯಿತು ನಮಗೆ. ಕುದುರೆ ಮೈದಾನದಲ್ಲೇ ಇತ್ತು. ಬಾಳೆ ಗಿಡ ಹೆಡ್‌ಮಾಸ್ಟರ ಕ್ವಾರ್ಟರ್ಸಿನ ಹಿತ್ತಲಲ್ಲಿತ್ತು. ಉತ್ತರೀಯವೊಂದೇ ಬೇಕಿತ್ತು. ಪಂಡಿತರು ಕೈ ತೊಳೆಯಲು ಹೋದಾಗ ಶಲ್ಯ ಕುರ್ಚಿಯ ಮೇಲೆ ಇತ್ತು. ಶನಿವಾರ, ಬೆಳಗಿನ ಶಾಲೆ, ಸಾಬರು ಚಹಾಕ್ಕೆ ಹೋಗಿದ್ದರು. ನಾವು ಶಲ್ಯವನ್ನು ಬಿಜಲಿಯ ಕೊರಳಿಗೆ ಕಟ್ಟಿ, ಎಳೆದುಕೊಂಡು ಹೋಗಿ, ಗೊನೆ ಬಿಟ್ಟಿದ್ದ ಗಿಡಕ್ಕೇ ಬಿಗಿದೆವು. "ಬೇಡ ಕಣ್ರೋ, ಹೊಡೀತಾರೆ" ಅಂತ ಹೇಳಲು ನಮ್ಮಲ್ಲೂ ಒಬ್ಬ ಮುನಿಪುತ್ರ ಇದ್ದ. ಆಮೇಲೆ ಅವನು ವಕೀಲನಾದ.

ಮೊದಲು ಬಿಜಲಿ ನೆಮ್ಮದಿಯಾಗಿ ಬಾಳೆ ಎಲೆ ತಿಂದಳು. ಪದ್ಯ ಸರಿ ಅಂತ ನಾವು ಅಂದುಕೊಳ್ಳುವಷ್ಟರಲ್ಲಿ ಎಲ್ಲೋ ಪ್ರೆಷರ್ ಕುಕ್ಕರ್ ಕೂಗಿತು. ಒಂದೇ ಎಳೆತ. ಗಿಡ ಬುಡ ಸಮೇತ ಬಂತು. ಬಿಜಲಿ, ಶಲ್ಯ, ಬಾಳೆ ಗಿಡ, ಗೊನೆ, ಇಷ್ಟೂ ಒಟ್ಟಾಗಿ ಮೈದಾನಕ್ಕೆ ನುಗ್ಗಿದವು. ಜಗುಲಿಯ ಮೇಲೆ ಹೆಡ್‌ಮಾಸ್ಟರು ಇನ್‌ಸ್ಪೆಕ್ಟರಿಗೆ ಶಾಲೆಯ ಶಿಸ್ತಿನ ಬಗ್ಗೆ ಹೇಳುತ್ತ ನಿಂತಿದ್ದರು.

ನಾವು ಹಿಡೀರಿ ಹಿಡೀರಿ ಅಂತ ಕೂಗುತ್ತ ಹಿಂದೆ ಓಡಿದೆವು. ಓಡಿದಷ್ಟೂ ಅವಳು ಜಾಸ್ತಿ ಓಡಿದಳು. ಆಗ ಡ್ರಿಲ್ ಮೇಷ್ಟ್ರು ಬಂದರು. ಓಡಲಿಲ್ಲ, ಕೂಗಲಿಲ್ಲ. ಅವಳ ಕಡೆ ಅರ್ಧ ಬೆನ್ನು ತಿರುಗಿಸಿ, ನೆಲ ನೋಡುತ್ತ, ಏನೋ ಗೊಣಗುತ್ತ ಸುಮ್ನೆ ನಿಂತರು. ಬಿಜಲಿ ಒಂದು ಸುತ್ತು ಹಾಕಿದಳು. ಓಟ ನಡಿಗೆಯಾಯಿತು. ಕಿವಿ ಅವರ ಕಡೆ ತಿರುಗಿತು. ಆಮೇಲೆ ತಾನಾಗಿಯೇ ಬಂದು ಅವರ ತೋಳಿಗೆ ಮೂಗು ತಾಗಿಸಿದಳು. ಇಡೀ ಶಾಲೆ ಉಸಿರು ಹಿಡಿದು ನೋಡುತ್ತಿತ್ತು. ಪಂಡಿತರು ಮಾತ್ರ ಶಲ್ಯ ನೋಡುತ್ತಿದ್ದರು.

ನಮಗೆ ಶಿಕ್ಷೆ ಕೊಡುವ ಕೆಲಸವನ್ನು ಡ್ರಿಲ್ ಮೇಷ್ಟ್ರೇ ಕೇಳಿ ತಗೊಂಡರು. ಬೆತ್ತ ಬೇಡ, ಇವರು ಸಾಬರ ಲಾಯದಲ್ಲಿ ಲದ್ದಿ ಬಾಚಲಿ ಅಂದರು. ಬಾಚಿದೆವು. ಬಾಚುತ್ತ ಬಾಚುತ್ತ ಕಲಿತೆವು. ಕುದುರೆಗೆ ಮೂಗಿನ ನೇರ ಮುಂದೆಯೂ ಬಾಲದ ನೇರ ಹಿಂದೆಯೂ ಕಾಣುವುದಿಲ್ಲ, ಅದಕ್ಕೇ ಮುಟ್ಟುವ ಮೊದಲು ಮಾತಾಡಿಸಬೇಕು. ಅದಕ್ಕೆ ವಾಂತಿ ಮಾಡಲು ಆಗುವುದಿಲ್ಲ, ಕೆಟ್ಟದ್ದು ತಿಂದರೆ ಹೊಟ್ಟೆಯಲ್ಲೇ ಕೂತು ಜೀವ ಹಿಂಡುತ್ತದೆ. ಎಡಗಡೆಯಿಂದ ಹತ್ತುವುದು ಯಾಕೆಂದರೆ ಹಿಂದಿನವರ ಸೊಂಟದ ಎಡಕ್ಕೆ ಕತ್ತಿ ತೂಗುತ್ತಿತ್ತು. ಇವೆಲ್ಲ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಆದರೂ ಮರೆತಿಲ್ಲ ನೋಡಿ.

ಬೇಸಿಗೆಯಲ್ಲಿ ತುಂಗೆ ಬತ್ತಿದ ಮೇಲೆ, ದಡದ ಮರಳಿನಲ್ಲಿ ಭಾನುವಾರ ಬೆಳಿಗ್ಗೆ ಸವಾರಿ ಕಲಿಸಿದರು. ಜೀನು ಇಲ್ಲ, ಕಾಲಿಡುವ ರಿಕಾಪು ಇಲ್ಲ, ಮಡಚಿದ ಗೋಣಿಚೀಲ ಅಷ್ಟೆ. ದಳದಲ್ಲೂ ಹೊಸಬರನ್ನು ರಿಕಾಪು ಇಲ್ಲದೆಯೇ ಕೂರಿಸುತ್ತಾರಂತೆ, ಕೂರುವುದು ಕಾಲಿನಿಂದಲ್ಲ, ಸೊಂಟದಿಂದ ಅಂತ ಗೊತ್ತಾಗಲಿ ಅಂತ. ಮೊದಲನೇ ಮಹಾಯುದ್ಧದ ಹೈಫಾದ ಕಥೆಯನ್ನೂ ಅಲ್ಲೇ ಕೇಳಿದ್ದು, ಹೈಫಾ ಅಂದರೆ ಈಗಿನ ಇಸ್ರೇಲಿನ ಒಂದು ಊರು. 1918ರ ಸೆಪ್ಟೆಂಬರ್ 23ರಂದು ಮೈಸೂರಿನ, ಜೋಧಪುರದ ಸವಾರರು ಈಟಿ ಹಿಡಿದು ಮೆಷಿನ್ ಗನ್ನುಗಳ ಎದುರಿಗೆ ಕುದುರೆ ನುಗ್ಗಿಸಿ ಆ ಊರು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸವಾರರಲ್ಲಿ ಒಬ್ಬ ನಮ್ಮ ಮೈಸೂರಿನವನು. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ಮೇಷ್ಟ್ರು, "ಮನುಷ್ಯರಿಗೆ ಯಾಕೆ ಹೋಗ್ತಿದೀವಿ ಅಂತಾದ್ರೂ ಗೊತ್ತಿತ್ತು. ಕುದುರೆಗಳಿಗೆ ಏನು ಗೊತ್ತಿತ್ತು?" ಅಂದುಬಿಟ್ಟರು. ಯುದ್ಧದ ಕಥೆ ಹೇಳಿ ಹೀಗೆ ಮುಗಿಸಿದವರನ್ನು ನಾನು ಬೇರೆ ನೋಡಿಲ್ಲ. ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಕೋಟೆಗೆ ಪ್ರವಾಸ ಹೋದಾಗಲೂ ಹೀಗೇ. ಎಲ್ಲರೂ ದರ್ಬಾರ್ ಹಾಲ್ ನೋಡುತ್ತಿದ್ದರೆ ಇವರು ಅಕ್ಕತಂಗಿ ಕೊಳದ ಹತ್ತಿರ ನಿಂತು, ಕೆಳದಿಯವರು ಕುದುರೆಗಳಿಗೆ ನೀರು ಎಲ್ಲಿ ಕುಡಿಸುತ್ತಿದ್ದರು ಅಂತ ಯೋಚಿಸುತ್ತಿದ್ದರು.

ನನಗೆ ಅವರು ಹೇಳಿದ ಒಂದು ಮಾತು ಮಾತ್ರ ಬರೆಯಲೇಬೇಕು. ಬಿಜಲಿಯನ್ನು ನಿಲ್ಲಿಸಲು ನಾನು ಲಗಾಮು ಎಳೆದೆ. ಅವಳು ನಿಂತಳು. ನಾನು ಹೆದರಿಕೆಗೆ ಎಳೆಯುತ್ತಲೇ ಇದ್ದೆ. ಅವಳು ತಲೆ ಕೊಡವಿ ಮತ್ತೆ ಹೊರಟಳು. ಮೇಷ್ಟ್ರು ಹತ್ತಿರ ಬಂದು ನನ್ನ ಮುಷ್ಟಿಯನ್ನು ಬಿಡಿಸಿದರು. "ಅದು ನಿಂತ್ಮೇಲೂ ಎಳೀತಾ ಇದ್ರೆ, ತಾನು ಮಾಡಿದ್ದು ಸರಿ ಅಂತ ಅದಕ್ಕೆ ಗೊತ್ತಾಗೋದು ಹೇಗೋ? ಕೇಳಿದ ಕೂಡ್ಲೇ ಕೈ ಸಡಿಲ ಬಿಡು. ಎಳೆದಿದ್ದರಿಂದ ಅಲ್ಲ, ಬಿಟ್ಟಿದ್ದರಿಂದ ಅದು ಕಲಿಯುತ್ತೆ."

ಬ್ಯಾಂಕ್ ಕೆಲಸದಲ್ಲಿ ಇದನ್ನು ನಾನು ಬಳಸಿದೆ. 2000ದ ಆಸುಪಾಸಿನಲ್ಲಿ ಅಡಿಕೆ ಬೆಲೆ ನೆಲ ಕಚ್ಚಿದಾಗ ನಾನು ತೀರ್ಥಹಳ್ಳಿ ಕಡೆಯ ಶಾಖೆಯಲ್ಲಿ ಮ್ಯಾನೇಜರ್. ಸಾಲಗಾರ ಒಂದು ಕಂತು ತಂದುಕೊಟ್ಟರೂ ಸಾಕು, ಮುಂದಿನ ನೋಟಿಸನ್ನು ತಡೆದು, ಮನೆಗೇ ಹೋಗಿ, ಬಂದದ್ದಕ್ಕೆ ಸಂತೋಷ ಅಂತ ಹೇಳಿ ಬರುತ್ತಿದ್ದೆ. ಮೇಲಿನವರು ಗೊಣಗಿದರು. ಆದರೆ ವಸೂಲಿಯಲ್ಲಿ ನಮ್ಮ ಶಾಖೆ ಮುಂದಿತ್ತು, ಶೀಲ್ಡೂ ಬಂತು. ಜಂಬಕ್ಕೆ ಹೇಳುತ್ತಿಲ್ಲ. ಆ ಶೀಲ್ಡ್ ಈಗಲೂ ಮನೆಯ ಹಾಲಿನಲ್ಲಿದೆ, ಬಂದವರು ನೋಡಬಹುದು.

ಈಗಿನ ಶಾಲೆಗಳ ಬಗ್ಗೆ ಮುದುಕರು ಮಾತಾಡಿದರೆ ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಒಂದು ಮಾತು. ನನ್ನ ಮೊಮ್ಮಗನಿಗೆ ವಾರ್ಷಿಕ ಪರೀಕ್ಷೆ ಮುಗಿಯಿತು. ಮರುದಿನವೇ ಮುಂದಿನ ತರಗತಿಗೆ ಬ್ರಿಡ್ಜ್ ಕೋರ್ಸ್ ಅಂತ ಮೊಬೈಲಿಗೆ ಮೆಸೇಜು ಬಂತು. ಹುಡುಗ ಹೇಳಿದ್ದೆಲ್ಲ ಮಾಡಿದ್ದಾನೆ, ಒಳ್ಳೆ ಅಂಕವೂ ಬಂದಿದೆ. ನಿಂತ ಮೇಲೂ ಎಳೆಯುವುದು ಅಂದರೆ ಇದೇ ಅಲ್ವಾ? ಟೀಚರುಗಳನ್ನು ದೂರುವುದಿಲ್ಲ, ಅವರ ಬಾಯಲ್ಲೂ ಕಡಿವಾಣ ಇದೆ. ನಮ್ಮ ಶಾಲೆಯ ಮೈದಾನದ ಅರ್ಧದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಡ್ರಿಲ್ ಪೀರಿಯಡ್ ಟೈಮ್‌ಟೇಬಲಿನಲ್ಲಿದೆ, ಮೈದಾನದಲ್ಲಿಲ್ಲ.

ನಮ್ಮ ಬ್ಯಾಚಿನವರು ಸೇರಿ ಮೇಷ್ಟ್ರ ನೆನಪಿಗೆ ಒಂದು ದತ್ತಿ ಬಹುಮಾನ ಇಡುತ್ತಿದ್ದೇವೆ. ಮೊದಲ ಕಂತಿನ ದೊಡ್ಡ ಪಾಲು ನನ್ನದೇ. ಹೆಚ್ಚು ಅಂಕ ತೆಗೆದವರಿಗೆ ಕೊಡೋಣ ಅಂತ ವಕೀಲ ಹೇಳುತ್ತಿದ್ದಾನೆ. ಬೇಡ, ಅವರಿಗೆ ಬಹುಮಾನಗಳು ಆಗಲೇ ಸಾಕಷ್ಟಿವೆ ಅಂತ ನನ್ನ ವಾದ. ವರ್ಷವಿಡೀ ಒಂದು ದಿನವೂ ಬಿಡದೆ ಡ್ರಿಲ್ ಪೀರಿಯಡ್ಡನ್ನು ಮೈದಾನದಲ್ಲೇ ನಡೆಸಿದ ಮೇಷ್ಟ್ರಿಗೆ ಅದು ಹೋಗಬೇಕು. ಮುಖ್ಯೋಪಾಧ್ಯಾಯರು ಇದನ್ನು ಓದುತ್ತಾರೆ ಅಂದುಕೊಂಡಿದ್ದೇನೆ. ಚೆಕ್ ಸಿದ್ಧವಿದೆ, ಅವರು ಹೂಂ ಅಂದರೆ ಸಾಕು.