ಎಂಟು ಕಾಲಿನ ಚಗಳಿ

ನಮ್ಮ ಹಿತ್ತಿಲಿನ ದಾಸವಾಳದ ಎಲೆಯ ಮೇಲೆ ನಾನು ಚಿತ್ರ ತೆಗೆದ ಚಗಳಿ ಇರುವೆಗೆ ಎಂಟು ಕಾಲುಗಳಿದ್ದವು. ಅದು ಗೊತ್ತಾದದ್ದು ರಾತ್ರಿ, ಕಂಪ್ಯೂಟರಿನ ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿದಾಗ. ತೆಗೆದ ಕ್ಯಾಮೆರಾ 2005ರ ಕ್ಯಾನನ್ ಪವರ್‌ಶಾಟ್ ಎ620. ಅದರ ಮುಂದೆ ಹಿಂದುಮುಂದಾಗಿ ಕೂತಿದ್ದದ್ದು ಫಿಲ್ಮ್ ಕಾಲದ 50 ಮಿ.ಮೀ. ಪೆಂಟಾಕ್ಸ್ ಲೆನ್ಸ್.

ಈ ಕ್ಯಾಮೆರಾಕ್ಕೆ ತನ್ನದೇ ಮ್ಯಾಕ್ರೊ ವ್ಯವಸ್ಥೆ ಇಲ್ಲವೆಂದಲ್ಲ. ಒಂದು ಸೆಂಟಿಮೀಟರಿನಷ್ಟು ಹತ್ತಿರದ ವಸ್ತುವನ್ನೂ ಅದು ಸ್ಪಷ್ಟವಾಗಿ ಹಿಡಿಯುತ್ತದೆ. ಆದರೆ ಅಷ್ಟು ಹತ್ತಿರ ಹೋದಾಗ ಕ್ಯಾಮೆರಾದ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ, ಇರುವೆಯಂತೂ ಅಷ್ಟು ಹೊತ್ತಿಗೆ ಎಲೆಯ ಅಡಿಗೆ ಸರಿದಿರುತ್ತದೆ. ಲೆನ್ಸನ್ನು ತಿರುಗಿಸಿ ಕೂರಿಸಿದರೆ ಈ ಅಂತರ ಹೆಚ್ಚುತ್ತದೆ. ದೂರದ ದೃಶ್ಯದಿಂದ ಬರುವ ಸಮಾನಾಂತರ ಕಿರಣಗಳನ್ನು ಹಿಂದಿರುವ ಫಿಲ್ಮಿನ ಮೇಲೆ ಕೂಡಿಸುವುದು ಆ ಲೆನ್ಸಿನ ಕೆಲಸವಾದ್ದರಿಂದ, ಅದನ್ನು ತಿರುಗಿಸಿ ಫಿಲ್ಮ್ ಇರಬೇಕಾದ ಜಾಗದಲ್ಲಿ ಇರುವೆಯನ್ನಿಟ್ಟರೆ, ಇರುವೆಯಿಂದ ಹೊರಟ ಬೆಳಕು ಸಮಾನಾಂತರವಾಗಿ ಹೊರಬಂದು, ಅನಂತ ದೂರಕ್ಕೆ ಫೋಕಸ್ ಆಗಿರುವ ಪುಟ್ಟ ಕ್ಯಾಮೆರಾಕ್ಕೆ ಸಲೀಸಾಗಿ ಒದಗುತ್ತದೆ. ಪೆಂಟಾಕ್ಸ್‌ನಲ್ಲಿ ಆ ಜಾಗ ಮೌಂಟಿನಿಂದ, ಅಂದರೆ ಲೆನ್ಸು ಕ್ಯಾಮೆರಾಕ್ಕೆ ಕೂರುವ ಅಂಚಿನಿಂದ, ಸುಮಾರು 45 ಮಿ.ಮೀ. ದೂರದಲ್ಲಿರುತ್ತದೆ, ಅಂದರೆ ಮೂರು ಬೆರಳಗಲಕ್ಕಿಂತ ತುಸು ಕಡಿಮೆ.

ಚಿತ್ರ ಎಷ್ಟು ದೊಡ್ಡದಾಗುತ್ತದೆ ಎಂಬ ಲೆಕ್ಕ ಸರಳ. ದೂರದ ಬೆಳಕು ಕೂಡುವ ಜಾಗ ಲೆನ್ಸಿನ ನಡುವಿನಿಂದ ಎಷ್ಟು ದೂರ ಎಂಬ ಅಳತೆಯೇ ಫೋಕಲ್ ಲೆಂತ್. ಕ್ಯಾಮೆರಾದ ಫೋಕಲ್ ಲೆಂತ್‌ಅನ್ನು ತಿರುಗಿಸಿದ ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಬೇಕು. ಎ620 ಪೂರ್ಣ ಜೂಮ್‌ನಲ್ಲಿ 29.2 ಮಿ.ಮೀ.; 50ರಿಂದ ಭಾಗಿಸಿದರೆ 0.58, ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರಿನ ಮೇಲೆ ಇರುವೆ ತನ್ನ ನಿಜವಾದ ಅಳತೆಯ 0.58ರಷ್ಟಾಗಿ ಬೀಳುತ್ತದೆ. ಕೇಳಲು ಇದು ಸಣ್ಣ ಸಂಖ್ಯೆಯೇ, ಆದರೆ ಸೆನ್ಸರ್ ಏಳು ಮಿಲಿಮೀಟರ್ ಚಿಲ್ಲರೆ ಅಗಲದ್ದಾದ್ದರಿಂದ ಕೇವಲ 12 ಮಿ.ಮೀ. ಅಗಲದ ಜಾಗ ಇಡೀ ಚಿತ್ರವನ್ನು ತುಂಬುತ್ತದೆ.

ಜೋಡಣೆಯಲ್ಲಿ ನಾನು ಮೊದಲು ಎಡವಿದ್ದೆ. ಇನ್ನೊಂದು ಪುಟ್ಟ ಕ್ಯಾಮೆರಾದ ಜೂಮ್ ಕೊಳವೆಗೇ ಲೆನ್ಸನ್ನು ಟೇಪಿನಿಂದ ಸುತ್ತಿದ್ದೆ. ಆ ಭಾರಕ್ಕೆ ಒಳಗಿನ ಮೋಟಾರು ಕಿರ್‍ರೆಂದು ನಿಂತಿತು, ಮತ್ತೆ ಏಳಲಿಲ್ಲ. ಎ620ಕ್ಕೆ ಜೂಮನ್ನು ಮುಟ್ಟದೆ ಕ್ಯಾಮೆರಾದ ಮೈಗೇ ಕೂರುವ 58 ಮಿ.ಮೀ. ಅಡಾಪ್ಟರ್ ಕೊಳವೆ ಸಿಗುತ್ತಿದ್ದದ್ದೇ ನಾನು ಈ ಕ್ಯಾಮೆರಾವನ್ನು ಹುಡುಕಿಕೊಂಡು ಕೊಳ್ಳಲು ಕಾರಣ. ಕೊಳವೆಗೆ ಹೊಂದುವ 58 ಮತ್ತು ಲೆನ್ಸಿನ ಬಾಯಿಗೆ ಹೊಂದುವ 49 ಮಿ.ಮೀ. ಅಳತೆಯ ಎರಡು ಹಳೆಯ ಫಿಲ್ಟರ್‌ಗಳ ಗಾಜು ತೆಗೆದು, ಮುಖಕ್ಕೆ ಮುಖ ಮಾಡಿ ಅರಾಲ್ಡೈಟ್ ಹಾಕಿ ಅಂಟಿಸಿದರೆ ಎರಡೂ ಕಡೆ ತಿರುಪುಳ್ಳ ಉಂಗುರ ಸಿದ್ಧ.

ತಿರುಗಿಸಿದ ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ನುಗ್ಗುವ ಕಿಂಡಿಯನ್ನು, ಪೂರ್ತಿ ತೆರೆದೇ ಇಡಬೇಕು, ಇಲ್ಲದಿದ್ದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ, ಕಿರಿದುಗೊಳಿಸುವುದೇನಿದ್ದರೂ ಕ್ಯಾಮೆರಾದಲ್ಲಿ. ಕ್ಯಾಮೆರಾದ ಕಿಂಡಿಯನ್ನು ಎಫ್ 8ರಷ್ಟು ಕಿರಿದುಗೊಳಿಸಿದರೂ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿಲಿಮೀಟರ್ ದಾಟುವುದಿಲ್ಲ. ಆದ್ದರಿಂದ ಫೋಕಸ್ ಮಾಡುವುದು ಗುಂಡಿಯಲ್ಲಲ್ಲ, ಸೊಂಟದಲ್ಲಿ. ಉಸಿರು ಹಿಡಿದು ಮೈಯನ್ನು ಕೂದಲೆಳೆಯಷ್ಟು ಮುಂದೆ ಹಿಂದೆ ತೂಗುತ್ತ ಒಂದರ ಹಿಂದೊಂದು ಚಿತ್ರ ತೆಗೆಯುವುದು. ಇಪ್ಪತ್ತರಲ್ಲಿ ಒಂದು ನಿಂತರೆ ಪುಣ್ಯ. ಫ್ಲ್ಯಾಶ್ ಹಾಕಿದರೆ ಲೆನ್ಸಿನ ನೆರಳೇ ಬೀಳುವುದರಿಂದ, ಬೆಳಗಿನ ಬಿಸಿಲನ್ನು ಥರ್ಮಾಕೋಲ್ ಹಾಳೆಯಿಂದ ಎಲೆಯ ಮೇಲೆ ಹೊರಳಿಸುತ್ತೇನೆ.

ಅಂದು ನಿಂತ ಆ ಒಂದು ಚಿತ್ರದಲ್ಲಿ ಮೀಸೆಯೆಂದು ನಾನು ತಿಳಿದಿದ್ದದ್ದು ಎತ್ತಿ ಹಿಡಿದ ಮುಂಗಾಲುಗಳಾಗಿದ್ದವು. ಮುಖದ ಮೇಲೆ ಎರಡು ದೊಡ್ಡ ಕಣ್ಣುಗಳು ಕ್ಯಾಮೆರಾವನ್ನೇ ನೋಡುತ್ತಿದ್ದವು. ಇರುವೆಗಿರುವಂತೆಯೇ ಸೊಂಟ ಸಣ್ಣ, ಬಣ್ಣವೂ ಅದೇ ಕೆಂಗಂದು. ಆದರೆ ಅದು ಚಗಳಿಯ ವೇಷ ಹಾಕಿದ ಜಿಗಿಯುವ ಜೇಡ, ಮಿರ್ಮಾಪ್ಲಾಟಾ ಪ್ಲಾಟಲಿಯೋಯ್ಡಿಸ್. ಬೆದರಿಸಿದರೆ ಇದು ನೂಲು ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಮರುದಿನ ಕಡ್ಡಿಯಿಂದ ಎಲೆಯನ್ನು ಅಲುಗಿಸಿದಾಗ ಹಾಗೆಯೇ ಆಯಿತು.

ನನಗೆ ಸಿಕ್ಕಿದ್ದು ಹೆಣ್ಣು. ಗಂಡಿನ ದವಡೆಗಳು ಎಷ್ಟು ಉದ್ದವೆಂದರೆ, ಚಗಳಿಯೊಂದು ಮತ್ತೊಂದು ಚಗಳಿಯನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಅದು ಕಣ್ಣಿಗೆ ಬಿದ್ದರೆ ಕ್ಯಾಮೆರಾವನ್ನು ಓರೆಯಾಗಿ ಹಿಡಿಯಬೇಕಾದೀತು, ಹನ್ನೆರಡು ಮಿಲಿಮೀಟರಿನಲ್ಲಿ ಅದರ ದವಡೆ ಹಿಡಿಸುವುದು ಕಷ್ಟ.