ಸಚಿವೆ ಬಂದರು, ಬ್ಯಾಗು ಸುದ್ದಿಯಾಯಿತು
2011ರ ಜುಲೈನಲ್ಲಿ ಪಾಕಿಸ್ತಾನದ ವಿದೇಶಾಂಗ ಸಚಿವೆ ಹೀನಾ ರಬ್ಬಾನಿ ಖರ್ ದೆಹಲಿಗೆ ಬಂದಿದ್ದು ನೆನಪಿದೆಯಾ? ಮಾತುಕತೆಗೆ ಎದುರು ಕೂತವರು ಆಗ ಭಾರತದ ವಿದೇಶಾಂಗ ಸಚಿವರಾಗಿದ್ದ ನಮ್ಮ ಮದ್ದೂರಿನ ಎಸ್.ಎಂ. ಕೃಷ್ಣ. ಕಾಶ್ಮೀರದ ನಿಯಂತ್ರಣ ರೇಖೆಯ ಆಚೀಚೆ ಆಗ ನಡೆಯುತ್ತಿದ್ದ ವ್ಯಾಪಾರವನ್ನು ವಾರಕ್ಕೆ 2 ದಿನದಿಂದ 4 ದಿನಕ್ಕೆ ಏರಿಸಲು ಒಪ್ಪಿದರು. ಟೀವಿಯವರಿಗೆ ಕಂಡಿದ್ದು ಮಾತ್ರ ಆಕೆಯ ಬರ್ಕಿನ್ ಅನ್ನೋ ದುಬಾರಿ ಬ್ಯಾಗು, ಮುತ್ತಿನ ಸರ, ಕೂಲಿಂಗ್ ಗ್ಲಾಸು.

ಚೆನ್ನಾಗಿದ್ದಾರೆ ಅನ್ನೋದು ತಪ್ಪಲ್ಲ ಬಿಡಿ. ಆದರೆ ಗಂಡಸರಿಗೆ ಅಂದ ಎಲೆ ತುದಿಯ ಉಪ್ಪಿನಕಾಯಿ, ಹೆಂಗಸರಿಗೆ ಅದನ್ನೇ ಊಟ ಅಂತ ಬಡಿಸ್ತೀವಿ. ತಾರತಮ್ಯ ಇರೋದು ಅಲ್ಲೇ ಅಲ್ವಾ? ಕೃಷ್ಣ ಅವರೂ ಉಡುಪಿನಲ್ಲಿ ಭಾರೀ ಶೋಕಿಯವರೇ ಆಗಿದ್ದರು. ಅವರ ಸೂಟು ಎಲ್ಲಿ ಹೊಲಿಸಿದ್ದು ಅಂತ ಚಾನೆಲ್‌ನಲ್ಲಿ ಚರ್ಚೆ ನಡೆದಿದ್ದಂತೂ ನನಗೆ ನೆನಪಿಲ್ಲ. ಪಾಕಿಸ್ತಾನದ ಮೊದಲ ಮಹಿಳಾ ವಿದೇಶಾಂಗ ಸಚಿವೆ ಆಕೆ. ಅದಕ್ಕಿಂತ ಬ್ಯಾಗಿನ ರೇಟೇ ಜಾಸ್ತಿ ಜನಕ್ಕೆ ಗೊತ್ತಿತ್ತು!